ಬಾಯಿಗೊಬ್ಬರು, ಉಸಿರಿಗೊಬ್ಬರು

1844ರ ಡಿಸೆಂಬರ್ 11ರಂದು ಅಮೆರಿಕದ ಹಾರ್ಟ್‌ಫರ್ಡ್ ಊರಿನ ಒಂದು ಹಲ್ಲಿನ ದವಾಖಾನೆಯಲ್ಲಿ ದಂತವೈದ್ಯರೇ ರೋಗಿಯಾಗಿ ಕುರ್ಚಿಯ ಮೇಲೆ ಕುಳಿತಿದ್ದರು. ಹೆಸರು ಹೊರೇಸ್ ವೆಲ್ಸ್. ಹಿಂದಿನ ಸಂಜೆ ಗಾರ್ಡ್‌ನರ್ ಕೋಲ್ಟನ್ ಎಂಬವರು ನಡೆಸಿದ ನಗೆ ಅನಿಲದ ಪ್ರದರ್ಶನಕ್ಕೆ ಅವರು ಹೋಗಿದ್ದರು. ಅಲ್ಲಿ ಅನಿಲ ಸೇವಿಸಿ ಕುಣಿದಾಡಿದ ಒಬ್ಬ ಯುವಕನ ಕಾಲಿಗೆ ಗಾಯವಾಗಿ ರಕ್ತ ಸುರಿಯುತ್ತಿದ್ದರೂ ಅವನಿಗೆ ಅದರ ಅರಿವೇ ಇರಲಿಲ್ಲ. ವೆಲ್ಸ್ ಅದನ್ನು ಕಂಡು ಮರುದಿನವೇ ತಮ್ಮ ಮೇಲೆ ಪ್ರಯೋಗ ಮಾಡಿಸಿಕೊಂಡರು. ಕೋಲ್ಟನ್ ಅನಿಲದ ಚೀಲ ಹಿಡಿದರು, ಜೊತೆಗಾರ ಜಾನ್ ರಿಗ್ಸ್ ಇಕ್ಕಳ ಹಿಡಿದು ದವಡೆ ಹಲ್ಲನ್ನು ಕಿತ್ತರು. ನೋವಾಗಲಿಲ್ಲ.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ನೋವು ಮಾಯವಾದ ಬೆರಗಿನ ಬಗ್ಗೆ ಹೇಳುತ್ತಾರೆ. ಆದರೆ ಆ ಕೋಣೆಯಲ್ಲಿ ಕೆಲಸ ಹೇಗೆ ಹಂಚಿಹೋಗಿತ್ತು ಎಂಬುದನ್ನೂ ಗಮನಿಸಬೇಕು. ಹಲ್ಲು ಕೀಳುವವರು ಒಬ್ಬರು, ಅರಿವಳಿಕೆ ಕೊಡುವವರು ಇನ್ನೊಬ್ಬರು. ದಂತವೈದ್ಯ ಲೋಕ ಮೊದಲ ದಿನವೇ ಕಂಡಿದ್ದ ಈ ಏರ್ಪಾಡನ್ನು ಬೇಗನೆ ಮರೆಯಿತು. ಅದನ್ನು ಮತ್ತೆ ನಿಯಮವಾಗಿ ಬರೆದುಕೊಳ್ಳಲು ಒಂದೂವರೆ ಶತಮಾನ ಬೇಕಾಯಿತು, ನಡುವೆ ಅನೇಕ ಜೀವಗಳೂ ಹೋದವು.

ವೆಲ್ಸ್ ಅವರ ಪಾಲಿಗೆ ಮುಂದಿನದು ದುರಂತವೇ. 1845ರ ಜನವರಿಯಲ್ಲಿ ಬೋಸ್ಟನ್ನಿನ ವೈದ್ಯರೆದುರು ನಡೆದ ಪ್ರದರ್ಶನದಲ್ಲಿ ಅನಿಲದ ಚೀಲವನ್ನು ಬೇಗ ತೆಗೆದುಬಿಟ್ಟದ್ದರಿಂದ ರೋಗಿ ಕೂಗಿಕೊಂಡ, ಸಭೆ ಗೇಲಿ ಮಾಡಿತು. ಮರುವರ್ಷ ಅಕ್ಟೋಬರ್ 16ರಂದು ಅದೇ ಊರಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರ್ ಕೊಟ್ಟು ಜಗತ್ತಿನ ಕಣ್ಣು ತೆರೆಸಿದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯರೇ. ಅಂದು ಚಾಕು ಹಿಡಿದವರು ಶಸ್ತ್ರವೈದ್ಯ ಜಾನ್ ವಾರೆನ್, ಈಥರ್ ಹಿಡಿದವರು ಮಾರ್ಟನ್. ಆಸ್ಪತ್ರೆಗಳು ಈ ಇಬ್ಬರ ಜೋಡಿಯನ್ನು ಉಳಿಸಿಕೊಂಡು ಬೆಳೆಸಿದವು. ಅರಿವಳಿಕೆಯನ್ನು ಜಗತ್ತಿಗೆ ಕೊಟ್ಟ ಹಲ್ಲಿನ ದವಾಖಾನೆಗಳು ಮಾತ್ರ ಎರಡೂ ಕೆಲಸವನ್ನು ಒಂದೇ ಜೋಡಿ ಕೈಗೆ ಒಪ್ಪಿಸಿದವು.

ಅದಕ್ಕೆ ಕಾರಣವೂ ಇತ್ತು. ಹಲ್ಲು ಕೀಳುವುದು ನಿಮಿಷದ ಕೆಲಸ, ನಗೆ ಅನಿಲವಾದ ನೈಟ್ರಸ್ ಆಕ್ಸೈಡ್ ಕೂಡ ಬೇಗ ಏರಿ ಬೇಗ ಇಳಿಯುತ್ತದೆ. 1863ರಲ್ಲಿ ಅದೇ ಕೋಲ್ಟನ್ ನ್ಯೂಯಾರ್ಕ್‌ನಲ್ಲಿ ದವಾಖಾನೆ ತೆರೆದು ಅದನ್ನು ಮತ್ತೆ ಬಳಕೆಗೆ ತಂದರು. ಆಗ ಕೊಡುತ್ತಿದ್ದದ್ದು ಶುದ್ಧ ನೈಟ್ರಸ್ ಆಕ್ಸೈಡ್, ಆಮ್ಲಜನಕದ ಬೆರಕೆ ಇರಲಿಲ್ಲ. ರೋಗಿಯ ತುಟಿ ನೀಲಿಗಟ್ಟಿದಾಗ ಅರಿವಳಿಕೆ ಸಾಕಾಯಿತೆಂದು ಹಲ್ಲಿಗೆ ಕೈ ಹಾಕುವುದು ರೂಢಿಯಾಯಿತು. ಇಂದಿನ ಕಣ್ಣಿಗೆ ಅದು ಉಸಿರುಗಟ್ಟಿಸುವ ಕ್ರಮವೇ. ಆಮ್ಲಜನಕ ಬೆರೆಸಿ ಕೊಡಬೇಕೆಂದು ಚಿಕಾಗೋದ ಎಡ್ಮಂಡ್ ಆಂಡ್ರೂಸ್ 1868ರಲ್ಲೇ ತೋರಿಸಿಕೊಟ್ಟಿದ್ದರೂ ಆ ಮಾತು ದವಾಖಾನೆಗಳಲ್ಲಿ ಬೇರೂರಲು ಬಹುಕಾಲ ಹಿಡಿಯಿತು.

ಇದೇ ಕಾಲದಲ್ಲಿ ಭಾರತದ ನೆಲದಿಂದಲೂ ಒಂದು ಮಾತು ಎದ್ದಿತು. ಕ್ಲೋರೋಫಾರ್ಮ್ ಕೊಟ್ಟಾಗ ಜನ ಸಾಯುವುದು ಹೃದಯ ನಿಂತೋ, ಉಸಿರು ನಿಂತೋ ಎಂಬ ಜಗಳ ಯುರೋಪಿನಲ್ಲಿ ನಡೆದಿತ್ತು. ಅದನ್ನು ಬಗೆಹರಿಸಲು ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕೆಲಸ ಮಾಡಿದವು. ರಾಯಚೂರು, ಕಲಬುರಗಿ, ಬೀದರ್‌ಗಳೂ ಸೇರಿದ್ದ ಸಂಸ್ಥಾನದ ನಿಜಾಮರು ಹಣ ಕೊಟ್ಟರು. ಅಲ್ಲಿನ ವೈದ್ಯ ಎಡ್ವರ್ಡ್ ಲಾರಿ ಅವರ ನಿಲುವು ಒಂದೇ: ನಾಡಿಯ ಮೇಲಲ್ಲ, ಉಸಿರಿನ ಮೇಲೆ ಕಣ್ಣಿಡಿ. ಕ್ಲೋರೋಫಾರ್ಮ್ ಹೃದಯವನ್ನೂ ನಿಲ್ಲಿಸಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೆವಿ ಎಂಬವರು ತೋರಿಸಿದಾಗ ಹೈದರಾಬಾದಿನ ತೀರ್ಮಾನ ಅರ್ಧ ಬಿದ್ದುಹೋಯಿತು. ಉಳಿದರ್ಧ ಮಾತ್ರ ಇಂದಿಗೂ ಅರಿವಳಿಕೆಯ ಮೊದಲ ಪಾಠ.

ಹಲ್ಲೂ ಕಿತ್ತು ಉಸಿರೂ ಕಾಯಬೇಕಾದ ಇಕ್ಕಟ್ಟಿನಿಂದ ಹಲ್ಲಿನ ವೈದ್ಯರನ್ನು ಬಹುಪಾಲು ಪಾರುಮಾಡಿದ್ದು ಮರಗಟ್ಟಿಸುವ ಇಂಜೆಕ್ಷನ್. 1884ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಕೇನ್ ಬಂತು, ಬೆನ್ನಿಗೇ ದವಡೆಯ ನರಕ್ಕೂ ಅದನ್ನು ಚುಚ್ಚಿ ನೋಡಿದರು. 20ನೇ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯಿಂದ ನೊವೊಕೇನ್ ಬಂತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲಾಫ್‌ಗ್ರೆನ್ ಲಿಗ್ನೊಕೇನ್ ತಯಾರಿಸಿದರು, 1948ರಿಂದ ಅದು ಕ್ಸೈಲೊಕೇನ್ ಹೆಸರಿನಲ್ಲಿ ಲೋಕವೆಲ್ಲ ಹರಡಿತು. ಬೀದರಿನಿಂದ ಚಾಮರಾಜನಗರದವರೆಗೆ ಹಲ್ಲು ಕೀಳಿಸಿಕೊಂಡವರ, ರೂಟ್ ಕೆನಾಲ್ ಮಾಡಿಸಿಕೊಂಡವರ ತುಟಿ ದಪ್ಪಗಾದಂತೆ ಅನಿಸಿದ್ದು ಬಹುತೇಕ ಈ ಮದ್ದಿನಿಂದಲೇ. ರೋಗಿ ಎಚ್ಚರವಾಗಿರುತ್ತಾನೆ, ತಾನೇ ಉಸಿರಾಡುತ್ತಾನೆ, ನೋವಾದರೆ ಕೈ ಎತ್ತುತ್ತಾನೆ. ಇನ್ನೊಬ್ಬ ವೈದ್ಯರು ಬೇಕಿಲ್ಲ.

ಆದರೆ ಎಲ್ಲರೂ ಹಾಗೆ ಬಾಯಿ ತೆರೆದು ಕೂರಲಾರರು. ಹತ್ತು ಹಲ್ಲು ಹುಳುಕಾಗಿ ಕೀವುಗಟ್ಟಿದ ಮೂರು ವರ್ಷದ ಮಗು, ಆಟಿಸಂ ಇರುವ ಹುಡುಗ, ಮೈ ಸದಾ ಅದುರುವ ಸೆರೆಬ್ರಲ್ ಪಾಲ್ಸಿಯ ಹುಡುಗಿ, ಡ್ರಿಲ್ಲಿನ ಸದ್ದಿಗೇ ಬೆವರುವ ದೊಡ್ಡವರು, ಇವರಿಗೆಲ್ಲ ಇಂಜೆಕ್ಷನ್ ಒಂದೇ ಸಾಲದು. ಹಿಂದೆ ಮಕ್ಕಳ ಕೈಕಾಲು ಅದುಮಿ ಹಿಡಿಯುತ್ತಿದ್ದರು. ಹಾಗೆ ಹಿಡಿಸಿಕೊಂಡ ಮಗು ಮುಂದೆ ಹಲ್ಲಿನ ಡಾಕ್ಟರ ಬಾಗಿಲು ತುಳಿಯಲು ಹೆದರುತ್ತದೆ. ಅಂಥವರಿಗೆ ಮಂಪರು ಅಥವಾ ಪೂರ್ಣ ಅರಿವಳಿಕೆ ಬೇಕು, ಅದು ಬಂದ ಕೂಡಲೇ ಹಳೆಯ ಪ್ರಶ್ನೆಯೂ ಬರುತ್ತದೆ: ಮದ್ದು ಕೊಟ್ಟು ಉಸಿರು ಕಾಯುವವರು ಯಾರು?

ಬ್ರಿಟನ್ನಿನ ಉತ್ತರ ಕಠಿಣವಾದದ್ದು. ಅಲ್ಲಿ ಹಲ್ಲಿನ ದವಾಖಾನೆಯಲ್ಲೇ ಪೂರ್ಣ ಅರಿವಳಿಕೆ ಕೊಡುವುದು ದಶಕಗಳ ಕಾಲ ದಿನನಿತ್ಯದ ಕೆಲಸವಾಗಿತ್ತು, ರೋಗಿಯನ್ನು ನೆಟ್ಟಗೆ ಕೂರಿಸಿಯೇ ಕೊಡುತ್ತಿದ್ದರು. ಹಾಗೆ ಕುಳಿತಲ್ಲೇ ರೋಗಿ ಮೂರ್ಛೆ ಹೋದರೆ ಮಿದುಳಿಗೆ ರಕ್ತ ಏರದೆ ಹಾನಿಯಾಗುತ್ತದೆಂದು 1957ರಲ್ಲಿ ಜೆ. ಜಿ. ಬೋರ್ನ್ ಎಂಬ ಅರಿವಳಿಕೆ ವೈದ್ಯರು ಎಚ್ಚರಿಸಿದರು. 1990ರಲ್ಲಿ ಪೊಸ್ವಿಲೊ ಎಂಬವರ ನೇತೃತ್ವದ ತಂಡ, ಪೂರ್ಣ ಅರಿವಳಿಕೆಯನ್ನು ಆದಷ್ಟು ಕಡಿಮೆ ಮಾಡಿ, ಕೊಡಲೇಬೇಕಾದರೆ ತರಬೇತಾದ ಅರಿವಳಿಕೆ ತಜ್ಞರೇ ಕೊಡಲಿ ಎಂದಿತು. ಸಾವುಗಳು ನಿಲ್ಲಲಿಲ್ಲ, ಸತ್ತವರಲ್ಲಿ ಮಕ್ಕಳೂ ಇದ್ದರು. 1998ರಲ್ಲಿ ಅಲ್ಲಿನ ದಂತ ಮಂಡಳಿ ನಿಯಮ ಬಿಗಿಗೊಳಿಸಿತು. 2001ರ ಕೊನೆಗೆ ಹಲ್ಲಿನ ಚಿಕಿತ್ಸೆಗೆ ಪೂರ್ಣ ಅರಿವಳಿಕೆಯನ್ನು ತೀವ್ರ ನಿಗಾ ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಮಾತ್ರ ಕೊಡಬೇಕೆಂದಾಯಿತು.

ಜೀವ ಉಳಿಸುವ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಅದರ ಬೆಲೆಯನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆ ಸೇರಲು ಮೊದಲ ಕಾರಣವೇ ಹುಳುಕು ಹಲ್ಲು ಎಂಬಂತಾಗಿದೆ. ಆಸ್ಪತ್ರೆಯ ಸರದಿ ಬರುವವರೆಗೆ ಮಗು ನೋವಿನ ಹಲ್ಲಿನಲ್ಲೇ ಕಾಯಬೇಕು.

ಅಮೆರಿಕ ಬೇರೆ ಹಾದಿ ಹಿಡಿಯಿತು. ರೋಗಿಯನ್ನು ಆಸ್ಪತ್ರೆಗೆ ಕಳಿಸುವ ಬದಲು ಅರಿವಳಿಕೆ ತಜ್ಞರನ್ನೇ ದವಾಖಾನೆಗೆ ಕರೆಸುವ ಪದ್ಧತಿ ಅಲ್ಲಿ ಬೆಳೆಯಿತು. ಎಂ.ಡಿ. ಓದಿದ ವೈದ್ಯರು, ಅರಿವಳಿಕೆಯ ತರಬೇತಿ ಪಡೆದ ನರ್ಸ್‌ಗಳು, ಇವರ ಜೊತೆಗೆ ದಂತವೈದ್ಯವನ್ನೇ ಓದಿ ಬಳಿಕ ಮೂರು ವರ್ಷ ಅರಿವಳಿಕೆಯನ್ನಷ್ಟೇ ಕಲಿತ ದಂತ ಅರಿವಳಿಕೆ ತಜ್ಞರು. ಮಾನಿಟರ್, ಆಮ್ಲಜನಕ, ಮದ್ದಿನ ಪೆಟ್ಟಿಗೆಗಳನ್ನು ವಾಹನದಲ್ಲಿ ಹೊತ್ತು ಇವರು ದವಾಖಾನೆಯಿಂದ ದವಾಖಾನೆಗೆ ಹೋಗುತ್ತಾರೆ. ಮೂರನೆಯ ಗುಂಪಿಗೆ ಪ್ರತ್ಯೇಕ ವಿಶೇಷ ಶಾಖೆಯ ಮಾನ್ಯತೆ ಸುಲಭವಾಗಿ ಸಿಗಲಿಲ್ಲ. 2012ರದ್ದೂ ಸೇರಿ ಹಲವು ಪ್ರಯತ್ನಗಳು ಬಿದ್ದುಹೋಗಿ, ಕೊನೆಗೆ 2019ರ ಮಾರ್ಚ್ 11ರಂದು ಅದು ದಂತವೈದ್ಯದ 10ನೇ ವಿಶೇಷ ಶಾಖೆಯಾಯಿತು. ವೆಲ್ಸ್ ಕುರ್ಚಿಯ ಮೇಲೆ ಕುಳಿತು ಆಗಲೇ 174 ವರ್ಷ ಕಳೆದಿತ್ತು. ಜಪಾನಿನ ದಂತ ಕಾಲೇಜುಗಳಲ್ಲಿ ಪ್ರತ್ಯೇಕ ಅರಿವಳಿಕೆ ವಿಭಾಗಗಳಿವೆ, ಕೆನಡಾದ ಒಂಟಾರಿಯೊ ಪ್ರಾಂತವೂ ಇದನ್ನು ವಿಶೇಷ ಶಾಖೆಯೆಂದು ಒಪ್ಪಿದೆ.

ಅಮೆರಿಕದ ಬಾಯಿ ಮತ್ತು ದವಡೆ ಶಸ್ತ್ರವೈದ್ಯರು ಮಾತ್ರ ತಾವೇ ಮಂಪರು ಕೊಟ್ಟು, ತರಬೇತಾದ ಸಹಾಯಕರನ್ನು ನಿಗಾಕ್ಕೆ ಇಟ್ಟು, ತಾವೇ ಹಲ್ಲು ಕೀಳುವ ಪದ್ಧತಿಯನ್ನು ಇಂದಿಗೂ ಸಮರ್ಥಿಸುತ್ತಾರೆ. ಬಹಳ ವರ್ಷಗಳ ಅನುಭವವಿದೆ, ಖರ್ಚು ಕಡಿಮೆ, ಹೆಚ್ಚು ಜನರಿಗೆ ಸಿಗುತ್ತದೆ ಎಂಬುದು ಅವರ ವಾದ. ಖರ್ಚಿನ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ 2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರು ವರ್ಷದ ಹುಡುಗನೊಬ್ಬ ಹಲ್ಲು ಕೀಳಿಸಿಕೊಳ್ಳಲು ಹೋಗಿ ಹೀಗೆ ಅರಿವಳಿಕೆಯಲ್ಲಿ ತೀರಿಕೊಂಡ ಮೇಲೆ ವಾದ ಬರಿಯ ಲೆಕ್ಕಾಚಾರವಾಗಿ ಉಳಿಯಲಿಲ್ಲ. ಅವನ ಮನೆಯವರು ಪಟ್ಟು ಹಿಡಿದು 2016ರಲ್ಲಿ ಒಂದು ಕಾನೂನು ಬರುವಂತೆ ಮಾಡಿದರು. 2018ರಲ್ಲಿ ಇನ್ನಷ್ಟು ಬಿಗಿಯಾದ ಕಾನೂನು ಬಂದು 2022ರಿಂದ ಜಾರಿಯಾಯಿತು. 2019ರ ಜೂನ್‌ನಲ್ಲಿ ಅಮೆರಿಕದ ಮಕ್ಕಳ ವೈದ್ಯರ ಮತ್ತು ಮಕ್ಕಳ ದಂತವೈದ್ಯರ ಸಂಘಗಳೆರಡೂ ಕೂಡಿ ಸ್ಪಷ್ಟ ಮಾತಿನಲ್ಲಿ ಬರೆದವು: ಹಲ್ಲಿನ ದವಾಖಾನೆಯಲ್ಲಿ ಮಗುವಿಗೆ ಆಳ ಮಂಪರು ಅಥವಾ ಪೂರ್ಣ ಅರಿವಳಿಕೆ ಕೊಡುವಾಗ ಕನಿಷ್ಠ ಇಬ್ಬರು ತರಬೇತಾದವರು ಇರಲೇಬೇಕು, ಮದ್ದು ಕೊಟ್ಟು ನಿಗಾ ನೋಡುವವರು ಹಲ್ಲಿನ ಕೆಲಸಕ್ಕೆ ಕೈ ಹಾಕಬಾರದು.

ಎರಡನೆಯವರು ಅಷ್ಟು ಮುಖ್ಯವೇಕೆ? ಹೊಟ್ಟೆಯ ಆಪರೇಷನ್ ಮಾಡುವವರ ಕೈ ಹೊಟ್ಟೆಯಲ್ಲಿರುತ್ತದೆ, ಅರಿವಳಿಕೆ ವೈದ್ಯರು ತಲೆಯ ಬಳಿ ಇರುತ್ತಾರೆ. ಹಲ್ಲಿನ ಕೆಲಸದಲ್ಲಿ ಇಬ್ಬರಿಗೂ ಬೇಕಾದದ್ದು ಅದೇ ಬಾಯಿ. ಉಸಿರಿನ ದಾರಿಯಲ್ಲೇ ಡ್ರಿಲ್ಲಿನ ನೀರು, ರಕ್ತ, ಹತ್ತಿ, ಮುರಿದ ಹಲ್ಲಿನ ಚೂರು. ಮಂಪರಿನಲ್ಲಿ ನಾಲಿಗೆ ಹಿಂದಕ್ಕೆ ಜಾರುತ್ತದೆ, ಕೆಳದವಡೆಯನ್ನು ಒತ್ತಿ ಕೆಲಸ ಮಾಡುವ ಕೈಯೇ ಗಂಟಲನ್ನು ಮುಚ್ಚಬಹುದು. ಮಕ್ಕಳ ಶ್ವಾಸನಾಳ ಕಿರಿದು, ಮೈಯಲ್ಲಿ ಆಮ್ಲಜನಕದ ಸಂಗ್ರಹವೂ ಕಡಿಮೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಉಸಿರು ನಿಂತು ಸ್ವಲ್ಪ ಹೊತ್ತಾದ ಮೇಲಷ್ಟೇ ಅಂಕಿ ಇಳಿಸುತ್ತದೆ. ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್‌ನ ಗೆರೆ ಮಾತ್ರ ಉಸಿರು ನಿಂತ ಕೂಡಲೇ ಮಲಗುತ್ತದೆ. ಆದರೆ ರೂಟ್ ಕೆನಾಲಿನ ತುದಿ ಹುಡುಕುತ್ತಿರುವ ಕಣ್ಣು ಆ ಗೆರೆಯನ್ನು ನೋಡುವುದಾದರೂ ಹೇಗೆ?

ಮದ್ದಿನ ಲೆಕ್ಕವೂ ಹಾಗೆಯೇ. ಲಿಗ್ನೊಕೇನ್ ಮಗುವಿನ ತೂಕದ ಕಿಲೋಗೆ 4.4 ಮಿಲಿಗ್ರಾಂ ದಾಟಬಾರದೆಂಬುದು ಮಕ್ಕಳ ದಂತವೈದ್ಯರು ಪಾಲಿಸುವ ಮಿತಿ. 12 ಕಿಲೋ ತೂಗುವ ಮಗುವಿಗೆ ಅದು ಸುಮಾರು 53 ಮಿಲಿಗ್ರಾಂ. 1.8 ಮಿಲಿಲೀಟರಿನ ಒಂದು ಕಾರ್ಟ್ರಿಜ್‌ನಲ್ಲಿ 36 ಮಿಲಿಗ್ರಾಂ ಇರುವುದರಿಂದ ಒಂದೂವರೆ ಕಾರ್ಟ್ರಿಜ್‌ಗೇ ಮಿತಿ ಮುಗಿಯಿತು. ನಾಲ್ಕೂ ಮೂಲೆಯ ಹಲ್ಲಿಗೆ ಕೆಲಸವಿದ್ದಾಗ, ಮೇಲೆ ಮಂಪರಿನ ಮದ್ದೂ ಸೇರಿದಾಗ, ಲೆಕ್ಕ ಇಡಲೆಂದೇ ಒಬ್ಬರು ಇರುವುದು ವಾಸಿ.

ಭಾರತದಲ್ಲಿ ದಂತವೈದ್ಯದ ಎಂ.ಡಿ.ಎಸ್. ಶಾಖೆಗಳಲ್ಲಿ ಅರಿವಳಿಕೆ ಇಲ್ಲ. ಇಲ್ಲಿ ಎರಡನೆಯವರೆಂದರೆ ಎಂ.ಬಿ.ಬಿ.ಎಸ್. ಬಳಿಕ ಅರಿವಳಿಕೆಯಲ್ಲೇ ಓದಿದ, ಜನ 'ಅನಸ್ತೇಷಿಯಾ ಡಾಕ್ಟರ್' ಎನ್ನುವವರು. ಕರ್ನಾಟಕದ ಊರುಗಳಲ್ಲಿ ಇವರಲ್ಲಿ ಹಲವರು ಬೆಳಿಗ್ಗೆ ಒಂದು ನರ್ಸಿಂಗ್ ಹೋಮಿನ ಹೆರಿಗೆಗೆ, ಮಧ್ಯಾಹ್ನ ಇನ್ನೊಂದರ ಮೂಳೆ ಆಪರೇಷನ್‌ಗೆ ಓಡುವವರು. ಮಕ್ಕಳ ಹಲ್ಲಿಗೆ ಪೂರ್ಣ ಅರಿವಳಿಕೆ ಬೇಕಾದಾಗ ದಂತವೈದ್ಯರೇ ತಮ್ಮ ಸಲಕರಣೆ ಹೊತ್ತು ಆಸ್ಪತ್ರೆಯ ಥಿಯೇಟರಿಗೆ ಹೋಗುವುದುಂಟು. ಮಂಪರಿಗೆ ತಜ್ಞರು ದವಾಖಾನೆಗೇ ಬರುವುದೂ ನಗರಗಳಲ್ಲಿ ಹೆಚ್ಚುತ್ತಿದೆ.

ಹಾಗೆ ಬರುವ ತಜ್ಞರು ಮೊದಲು ನೋಡುವುದು ಹಲ್ಲನ್ನಲ್ಲ. ಕರೆಂಟ್ ಹೋದರೆ ಸಕ್ಷನ್ ನಡೆಯುತ್ತದೆಯೇ? ಸಿಲಿಂಡರಿನಲ್ಲಿ ಆಮ್ಲಜನಕ ಎಷ್ಟಿದೆ? ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗಿನ ಮಾಸ್ಕ್ ಮಗುವಿನ ಮುಖಕ್ಕೆ ಸರಿಹೋಗುತ್ತದೆಯೇ? ಕೆಳಗೆ ಅಂಗಡಿ, ಮೇಲೆ ದವಾಖಾನೆ ಎಂಬಂಥ ಕಟ್ಟಡಗಳಲ್ಲಿ ಸ್ಟ್ರೆಚರ್ ಆ ಮೆಟ್ಟಿಲಿನಲ್ಲಿ ತಿರುಗುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಕಡೆ ಕೆಲಸ ಮಾಡಲಾರೆ ಎನ್ನುವ ತಜ್ಞರ ಮೇಲೆ ಮುನಿಸಿಕೊಳ್ಳುವ ಬದಲು ಅವರ ಮಾತು ಕೇಳಿ ಕೋಣೆ ಸರಿಪಡಿಸಿಕೊಂಡ ದವಾಖಾನೆಗಳೇ ಮಕ್ಕಳ ಕೆಲಸಕ್ಕೆ ತಕ್ಕವು. ಇನ್ನೊಂದು ಪ್ರಶ್ನೆ ಮನೆಯವರಿಗೆ: ಮಗು ಏನು ತಿಂದಿದೆ, ಯಾವಾಗ? ಊಟ ಮಾಡಿ ಅಥವಾ ಹಸುವಿನ ಹಾಲು ಕುಡಿದು ಆರು ಗಂಟೆ, ಬರಿ ನೀರು ಕುಡಿದು ಎರಡು ಗಂಟೆ ಕಳೆದಿರಬೇಕು. ಹಸಿದು ಅಳುವ ಮೊಮ್ಮಗುವಿಗೆ ಅಜ್ಜಿ ಕರುಣೆಯಿಂದ ಕುಡಿಸಿದ ಅರ್ಧ ಲೋಟ ಹಾಲು ಮಂಪರಿನಲ್ಲಿ ಮೇಲೆ ಬಂದು ಶ್ವಾಸಕೋಶ ಸೇರಬಹುದು. ಅಂಥ ದಿನ ಕೆಲಸವನ್ನು ಮುಂದಕ್ಕೆ ಹಾಕುತ್ತಾರೆ.

ಎಲ್ಲ ಸರಿಯಾಗಿ ನಡೆದ ದಿನ ದಂತವೈದ್ಯರು ಕೊನೆಯ ಕ್ಯಾಪ್ ಕೂರಿಸಿ, ಗ್ಲೌಸ್ ಕಳಚಿ, ಹೊರಗೆ ಕಾಯುವ ತಂದೆತಾಯಿಗೆ ಸುದ್ದಿ ಹೇಳಲು ಹೋಗುತ್ತಾರೆ. ಅರಿವಳಿಕೆ ತಜ್ಞರು ಆಗಲೂ ಅಲ್ಲೇ ಇರುತ್ತಾರೆ. ಮಗುವನ್ನು ಮಗ್ಗುಲಿಗೆ ಹೊರಳಿಸಿ, ಗದ್ದವನ್ನು ಬೆರಳಿನಿಂದ ಮೆಲ್ಲಗೆ ಮೇಲೆತ್ತಿ ಹಿಡಿದು, ಅದು ಕಣ್ಣು ಬಿಟ್ಟು ಅಮ್ಮನನ್ನು ಕೇಳುವವರೆಗೆ.