ಹಗೇವೂ ಪಲ್ಯವೂ

ಹಳೆಯ ಮೈಸೂರು ಸೀಮೆಯಲ್ಲಿ, ಬಾಯಿ ಕಿರಿದಾಗಿ ಒಡಲು ಹಿರಿದಾಗಿ ಗಟ್ಟಿನೆಲದಲ್ಲಿ ಅಗೆದ ಹಗೇವನ್ನು ವರ್ಷಗಳ ಬಳಿಕ ತೆರೆದಾಗ, ಒಳಗಣ ಕೆಟ್ಟ ಗಾಳಿ ಹೊರಹೋಗಲೆಂದು ಕೆಲಕಾಲ ಕಾದು, ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ದೀಪ ಆರದೆ ಉರಿಯುವುದನ್ನು ಕಂಡ ಮೇಲೆಯೇ ಆಳು ಒಳಕ್ಕೆ ಇಳಿಯುತ್ತಿದ್ದನು. ಅವನು ಕುಕ್ಕೆಯಲ್ಲಿ ತುಂಬಿ ಮೇಲಕ್ಕೆ ಕಳುಹಿಸಿದ ರಾಗಿಯನ್ನು ಅಳೆಯುವವನು ಕೊಳಗಕ್ಕೆ ಸುರಿದು, ಮೊದಲನೆಯ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಉಚ್ಚರಿಸಿ, ಆಮೇಲೆ ಎರಡು, ಮೂರು ಎಂದು ಎಣಿಕೆಯನ್ನು ಮುಂದುವರಿಸುತ್ತಿದ್ದನು. ಕೊನೆಯ ಕೊಳಗದವರೆಗೂ ಆ ಹಗೇವಿನಲ್ಲಿ ಎಷ್ಟಿತ್ತೆಂಬುದು ಮನೆಯ ಯಜಮಾನನಿಗೂ ನಿಶ್ಚಯವಾಗಿ ತಿಳಿದಿರುತ್ತಿರಲಿಲ್ಲ. ಉದ್ದವನ್ನು ಅಂದಾಜು ಮಾಡುವುದರಲ್ಲಿ ಕಣ್ಣು ತಕ್ಕಮಟ್ಟಿಗೆ ನಂಬಿಕೆಗೆ ಅರ್ಹವಾದುದು; ಗಾತ್ರದ ವಿಷಯದಲ್ಲಾದರೋ ಅದು ಸುಳ್ಳುಸಾಕ್ಷಿ. ಅಗಲ ಆಳಗಳೆಲ್ಲವೂ ಇಮ್ಮಡಿಯಾದ ಹಗೇವು ನೋಡುವವನಿಗೆ ಇಮ್ಮಡಿಯಾಗಿಯೇ ತೋರಿ, ಕಾಳನ್ನು ಮಾತ್ರ ಎಂಟುಮಡಿಯಾಗಿ ನುಂಗುತ್ತದೆ.

ಈ ಮೋಸದಿಂದ ಪಾರಾಗಲು ನಮ್ಮ ಹಿರಿಯರು ಕಂಡುಕೊಂಡ ಉಪಾಯವೆಂದರೆ, ಹಿರಿದನ್ನು ಹಿರಿದಾಗಿಯೇ ನೋಡದೆ, ಕೈಗೆ ಎಟಕುವ ಪಾತ್ರೆಯಿಂದ ಮೆಟ್ಟಲು ಮೆಟ್ಟಲಾಗಿ ಏರುವುದು. ಚಟಾಕು ನಾಲ್ಕಕ್ಕೆ ಪಾವು, ಪಾವು ನಾಲ್ಕಕ್ಕೆ ಸೇರು, ಕೆಲವು ಸೇರಿಗೆ ಕೊಳಗ, ಇಪ್ಪತ್ತು ಕೊಳಗಕ್ಕೆ ಖಂಡುಗ. ಕೊಳಗಕ್ಕೆ ಎಷ್ಟು ಸೇರೆಂಬುದು ಮಾತ್ರ ಸೀಮೆಯಿಂದ ಸೀಮೆಗೆ ಬೇರೆ; ಅದರಲ್ಲಿಯೂ ಬಾಯಿಮಟ್ಟಕ್ಕೆ ಸವರಿ ಅಳೆದುದೇ, ಗೋಪುರ ಕಟ್ಟಿ ಅಳೆದುದೇ ಎಂಬ ಜಗಳ ಬೇರೆ. ಸಾಲ ಕೊಡುವಾಗ ಸವರಿಯೂ ಹಿಂದಕ್ಕೆ ಪಡೆಯುವಾಗ ಗೋಪುರ ಕಟ್ಟಿಯೂ ಅಳೆಯುವ ಜಾಣರು ಎಲ್ಲ ಕಾಲದಲ್ಲಿಯೂ ಇದ್ದಿರಬೇಕು. ಇಷ್ಟು ಅಸ್ಥಿರವಾದ ಈ ಪಾತ್ರೆಯನ್ನೇ ಜನರು ಭೂಮಿಗೂ ಅನ್ವಯಿಸಿದರು. ಶಾಸನಗಳಲ್ಲಿ ದತ್ತಿಯಾಗಿ ಬರುವ ಖಂಡುಗ ಗದ್ದೆಯೆಂದರೆ ಒಂದು ಖಂಡುಗ ಬೀಜವನ್ನು ಬಿತ್ತುವಷ್ಟು ನೆಲವೇ ಹೊರತು, ಕೋಲು ಹಿಡಿದು ಅಳೆದ ವಿಸ್ತಾರವಲ್ಲ.

ರಾಶಿಯನ್ನು ಕೊಳಗಕ್ಕೆ ಸುರಿಯದೆಯೇ ಅಳೆಯಬಹುದೆಂಬುದನ್ನು ಗಣಿತಜ್ಞರು ಬಲ್ಲವರಾಗಿದ್ದರು. ತನ್ನ ಊರು ಸಹ್ಯಾದ್ರಿಯ ಆಶ್ರಯದಲ್ಲಿದೆಯೆಂದು ಹೇಳಿಕೊಂಡ ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಲೀಲಾವತಿಯಲ್ಲಿ ರಾಶಿವ್ಯವಹಾರವೆಂಬ ಪ್ರಕರಣವೇ ಉಂಟು. ರಾಶಿಯ ಸುತ್ತಳತೆಯ ಆರನೆಯ ಒಂದು ಭಾಗವನ್ನು ವರ್ಗಿಸಿ ಎತ್ತರದಿಂದ ಗುಣಿಸತಕ್ಕದ್ದು. ಎತ್ತರವಾದರೋ ಕಡಲೆಯಂಥ ದಪ್ಪಕಾಳಿನಲ್ಲಿ ಸುತ್ತಳತೆಯ ಹತ್ತನೆಯ ಒಂದು ಪಾಲು, ಸಣ್ಣಕಾಳಿನಲ್ಲಿ ಹನ್ನೊಂದನೆಯ ಒಂದು ಪಾಲು, ಮುಳ್ಳುಳ್ಳ ಭತ್ತದಲ್ಲಿ ಒಂಬತ್ತನೆಯ ಒಂದು ಪಾಲು. ನುಣುಪಾದ ಸಣ್ಣ ಕಾಳು ಜಾರಿ ಹರಡಿಕೊಳ್ಳುತ್ತದೆ, ಮುಳ್ಳುಳ್ಳದ್ದು ಒಂದನ್ನೊಂದು ಹಿಡಿದು ನಿಲ್ಲುತ್ತದೆ ಎಂಬ ಕಣದ ಅನುಭವ ಇಲ್ಲಿ ಸೂತ್ರವಾಗಿ ಪರಿಣಮಿಸಿದೆ. ಗೋಡೆಗೆ ಒರಗಿದ ರಾಶಿಗೂ ಮೂಲೆಗೆ ಸುರಿದ ರಾಶಿಗೂ ಬೇರೆ ಬೇರೆ ವಿಧಿಗಳನ್ನು ಅವನು ಕೊಟ್ಟಿದ್ದಾನೆ. ಪರಿಧಿಯು ವ್ಯಾಸದ ಮೂರರಷ್ಟೆಂದು ಈ ಲೆಕ್ಕದಲ್ಲಿ ಹಿಡಿದಿರುವುದರಿಂದ ಉತ್ತರವು ನೂರಕ್ಕೆ ಐದರಷ್ಟು ಹೆಚ್ಚಾಗಿಯೇ ಬರುತ್ತದೆ. ರಾಶಿಯ ಮೇಲೆ ಪಾಲು ಎತ್ತುವವನಿಗೆ ಅದರಿಂದ ಬೇಸರವಾಗುವ ಕಾರಣವಿಲ್ಲ. ಒಂದು ಮೊಳ ಉದ್ದಗಲ ಎತ್ತರಗಳುಳ್ಳ ಘನಹಸ್ತವೇ ಮಾಗಧ ಖಾರಿಯೆಂದೂ, ಖಾರಿಗೆ 16 ದ್ರೋಣ, ದ್ರೋಣಕ್ಕೆ 4 ಆಢಕ, ಆಢಕಕ್ಕೆ 4 ಪ್ರಸ್ಥ, ಪ್ರಸ್ಥಕ್ಕೆ 4 ಕುಡವವೆಂದೂ ಆತನ ಮಾನ. ಹೀಗೆ ಒಂದು ಖಾರಿಯಲ್ಲಿ 1024 ಕುಡವಗಳಾದುವು. ಪಾತ್ರೆಯ ಮಾನವೂ ಮೊಳದ ಮಾನವೂ ಒಂದೇ ಗಂಟಿನಲ್ಲಿ ಸೇರಿದುವು.

ಇದಕ್ಕೂ ಮುನ್ನೂರು ವರ್ಷ ಹಿಂದೆ, ನೃಪತುಂಗನ ಆಳ್ವಿಕೆಯಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಗೋಳದ ಘನಫಲವನ್ನು ವ್ಯಾವಹಾರಿಕವೆಂದೂ ಸೂಕ್ಷ್ಮವೆಂದೂ ಎರಡು ಬಗೆಯಾಗಿ ಹೇಳಿದನು. ವ್ಯಾಸಾರ್ಧದ ಘನವನ್ನು ನಾಲ್ಕೂವರೆಯಿಂದ ಗುಣಿಸಿದರೆ ಮೊದಲನೆಯದು, ಅದರ ಹತ್ತರಲ್ಲಿ ಒಂಬತ್ತು ಪಾಲು ಎರಡನೆಯದು. ಸೂಕ್ಷ್ಮವೆಂಬುದೂ ನಿಜವಾದ ಮಾನಕ್ಕೆ ನೂರಕ್ಕೆ ಮೂರರಷ್ಟು ಕಡಿಮೆ. ಆದರೂ ಪೇಟೆಗೆ ಸಾಕಾದ ಸತ್ಯ ಒಂದು, ವಿದ್ಯೆಗೆ ಬೇಕಾದ ಸತ್ಯ ಇನ್ನೊಂದು ಎಂಬ ವಿವೇಕ ಆ ಎರಡು ಹೆಸರುಗಳಲ್ಲಿಯೇ ಇದೆ.

ಮಹಾವೀರನು ಜೈನನು. ಆ ಮತದ ಗ್ರಂಥಗಳಲ್ಲಿ ಕಾಲವನ್ನು ಅಳೆಯಲು ಹೇಳಿದ ಪಲ್ಯವೆಂಬ ಮಾನವನ್ನು ಕೇಳಿದೊಡನೆ ಕನ್ನಡಿಗನಿಗೆ ಹುರುಳಿಕಾಯಿ ನೆನಪಾದರೆ ಅದು ಅವನ ತಪ್ಪಲ್ಲ. ಸಂಸ್ಕೃತದಲ್ಲಿ ಪಲ್ಯವೆಂದರೆ ಧಾನ್ಯ ತುಂಬುವ ಆಶ್ರಯ. ಒಂದು ಯೋಜನ ಅಗಲ, ಒಂದು ಯೋಜನ ಆಳವಾದ ದುಂಡು ಕುಳಿಯನ್ನು ತೋಡಿ, ಹುಟ್ಟಿ ಏಳು ದಿನದೊಳಗಣ ಕುರಿಮರಿಯ ಕೂದಲಿನ, ಇನ್ನು ಕತ್ತರಿಸಲಾಗದಷ್ಟು ನವುರಾದ ತುಣುಕುಗಳಿಂದ ಅದನ್ನು ಒತ್ತಿ ತುಂಬಿ, ನೂರು ವರ್ಷಕ್ಕೊಂದರಂತೆ ತೆಗೆಯುತ್ತ ಹೋದರೆ ಕುಳಿ ಬರಿದಾಗುವ ಕಾಲವೇ ವ್ಯವಹಾರಪಲ್ಯ. ಇದು ಹಗೇವಲ್ಲದೆ ಮತ್ತೇನು? ಕಾಳಿನ ಸ್ಥಾನಕ್ಕೆ ಕೂದಲು ಬಂದಿದೆ, ಕುಕ್ಕೆಯ ಸ್ಥಾನಕ್ಕೆ ಶತಮಾನ ಬಂದಿದೆ, ಅಷ್ಟೆ.

ಯೋಜನವನ್ನು ಎಂಟು ಮೈಲಿಯೆಂದು ಹಿಡಿದು ನೋಡೋಣ. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯ ಹಿಂದೆ ನಿಲ್ಲುವ ನೀರು 49 ಟಿ.ಎಂ.ಸಿ.ಗಿಂತ ತುಸು ಹೆಚ್ಚು; ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಸೇರನ್ನು ಒಂದು ಲೀಟರೆಂದೂ ಕೊಳಗವನ್ನು ಎಂಟು ಸೇರೆಂದೂ ಇಟ್ಟುಕೊಂಡರೆ ಆ ಜಲಾಶಯವೆಲ್ಲ ಸುಮಾರು 875 ಕೋಟಿ ಖಂಡುಗ. ಅಂಥ ಸುಮಾರು ಸಾವಿರದ ಇನ್ನೂರು ಜಲಾಶಯಗಳನ್ನು ಒಂದಾದ ಮೇಲೊಂದರಂತೆ ಬರಿದುಮಾಡಿದರೆ ಪಲ್ಯ ತುಂಬೀತು. ಆದರೆ ಶಾಸ್ತ್ರಕಾರರು ಹೇಳುವುದು ಈ ಯೋಜನವನ್ನಲ್ಲ, ಇದರ ಐನೂರುಪಟ್ಟು ಉದ್ದವಾದ ಪ್ರಮಾಣಯೋಜನವನ್ನು. ಉದ್ದ ಐನೂರುಪಟ್ಟಾದರೆ ಒಡಲು ಹನ್ನೆರಡೂವರೆ ಕೋಟಿಪಟ್ಟು!

ಈ ಏಣಿಯ ತುತ್ತತುದಿಯಲ್ಲಿ ಲೋಕವೇ ಇದೆ. ಧವಲಾ ಟೀಕೆಯನ್ನು ಬರೆದ ವೀರಸೇನಾಚಾರ್ಯನು ಲೋಕದ ಘನಫಲ 343 ಘನರಜ್ಜುವೆಂಬ ಪರಂಪರೆಯನ್ನು ಎತ್ತಿಹಿಡಿದನು. ಲೋಕವು ದುಂಡಾದುದೆಂದು ಹಿಡಿದು ಲೆಕ್ಕಹಾಕಿದರೆ ಇದರ ಅರ್ಧವೂ ಬರದು. ಆದುದರಿಂದ ಲೋಕವು ದುಂಡಲ್ಲ ಎಂಬುದು ಅವನ ವಾದ. ಅದು 14 ರಜ್ಜು ಎತ್ತರ, ಒಂದು ದಿಕ್ಕಿನಲ್ಲಿ ಎಲ್ಲೆಡೆಯೂ 7 ರಜ್ಜು ಅಗಲ. ಇನ್ನೊಂದು ದಿಕ್ಕಿನಲ್ಲಿ ತಳದಲ್ಲಿ 7, ನಡುವೆ 1, ಅದರ ಮೇಲೆ 5, ತುದಿಯಲ್ಲಿ ಮತ್ತೆ 1. ಕೆಳಗಿನ ಅರ್ಧ 196, ಮೇಲಿನ ಅರ್ಧ 147. ಕೂಡಿದರೆ ಏಳರ ಘನ. ಲೋಕದ ಆಕಾರವನ್ನೇ ಗಾತ್ರದ ಲೆಕ್ಕದಿಂದ ತಿದ್ದಲು ಹೊರಟ ಆ ಧೈರ್ಯವನ್ನು ಮೆಚ್ಚಲು ಆ ಮತದವರೇ ಆಗಬೇಕಾಗಿಲ್ಲ.

ರಜ್ಜುವೆಂದರೆ ಹಗ್ಗ. 1939ರಿಂದ ಅಚ್ಚಿನಲ್ಲಿ ಹೊರಬರತೊಡಗುವುದಕ್ಕೆ ಮೊದಲು ಧವಲೆಯ ಓಲೆಗಳು ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಪೂಜೆಗೊಳ್ಳುತ್ತ ಮಲಗಿದ್ದಾಗ, ಆ ಸೀಮೆಯ ಗೇಣಿದಾರರು 42 ಸೇರಿನ ಅಕ್ಕಿಮುಡಿಗಳನ್ನು ಹುಲ್ಲಿನ ಹಗ್ಗದಿಂದ ಬಿಗಿದು ಧಣಿಗಳ ಮನೆಗೆ ಹೊತ್ತು ಹಾಕುತ್ತಿದ್ದರು.