ಊರಿಗೆ ಕಳಿಸಿದ ಹಣ

ಮುಂಬಯಿಯ ಕೊಲಾಬಾದಲ್ಲಿರುವ ನರಿಮನ್ ಹೌಸ್ ಹೆಸರನ್ನು 2008ರ ನವೆಂಬರ್ ದಾಳಿಯ ಸುದ್ದಿಯಲ್ಲಿ ನೀವೂ ಕೇಳಿರುತ್ತೀರಿ. ಅಲ್ಲಿದ್ದದ್ದು ಛಾಬಾದ್ ಎಂಬ ಯಹೂದಿ ಪಂಥದ ಕೇಂದ್ರ. ಆ ಪಂಥದ ಮೂಲಗುರು ಯಾರು ಅಂತ ನಾನು ಓದಿ ತಿಳಿದದ್ದು ಬ್ಯಾಂಕಿನಿಂದ ನಿವೃತ್ತನಾದ ಮೇಲೆ.

ಅವರು ಶ್ನೆಯೂರ್ ಝಲ್ಮನ್, ಈಗಿನ ಬೆಲಾರುಸ್‌ನ ಲಿಯೋಜ್ನಾದವರು. ಭಕ್ತಿ, ಹಾಡು, ಕುಣಿತಗಳ ಹಸೀದಿ ಮಾರ್ಗವನ್ನು ಒಪ್ಪದ ವಿಲ್ನಾದ ಪಂಡಿತರು 1772ರಲ್ಲೇ ಹಸೀದಿಗಳಿಗೆ ಬಹಿಷ್ಕಾರ ಹಾಕಿದ್ದರು. 1798ರಲ್ಲಿ ಈ ಜಗಳ ಝಾರ್ ದೊರೆ ಒಂದನೇ ಪಾವೆಲನ ಸರ್ಕಾರದವರೆಗೂ ಹೋಯಿತು. ದೂರು ಕೊಟ್ಟವರು ಬೇರೆ ಯಾರೂ ಅಲ್ಲ, ಯಹೂದಿಗಳೇ! ಪವಿತ್ರ ನಾಡಿನಲ್ಲಿ ನೆಲೆಸಿದ್ದ ಬಡ ಹಸೀದಿಗಳಿಗೆ ಗುರುಗಳು ವಂತಿಗೆ ಎತ್ತಿ ಕಳಿಸುತ್ತಿದ್ದರು. ಆ ನಾಡು ತುರ್ಕಿ ಸುಲ್ತಾನನದು. ಧರ್ಮದ ದುಡ್ಡು ರಾಜದ್ರೋಹದ ದುಡ್ಡಾಯಿತು. ಗುರುಗಳನ್ನು ಹಿಡಿದು ಪೀಟರ್ಸ್‌ಬರ್ಗಿಗೆ ಒಯ್ದರು. ಅನುಯಾಯಿಗಳ ಲೆಕ್ಕದಲ್ಲಿ ಸೆರೆವಾಸ 53 ದಿನ. ನವೆಂಬರಿನಲ್ಲಿ ಬಿಡುಗಡೆಯಾಯಿತು. ಯಹೂದಿ ಪಂಚಾಂಗದ ಕಿಸ್ಲೇವ್ 19ರ ಆ ದಿನ ಛಾಬಾದ್‌ನವರಿಗೆ ಇಂದಿಗೂ ಹಬ್ಬ. 1800ರಲ್ಲಿ ಮತ್ತೆ ದೂರು, ಮತ್ತೆ ಬಂಧನ. ಹೊಸ ದೊರೆ ಅಲೆಕ್ಸಾಂಡರ್ ಬಂದ ಮೇಲೆ, 1801ರಲ್ಲಿ, ಪೂರ್ತಿ ಬಿಡುಗಡೆ.

ನನ್ನನ್ನು ತಡೆದು ನಿಲ್ಲಿಸಿದ್ದು ಮೊದಲ ಬಿಡುಗಡೆಯ ನಂತರ ಅವರು ಶಿಷ್ಯರಿಗೆ ಬರೆದ ಪತ್ರ. ಗೆದ್ದೆವೆಂದು ಬೀಗಬೇಡಿ, ಎದುರಾಳಿಗಳನ್ನು ಹಂಗಿಸಬೇಡಿ, ಇನ್ನಷ್ಟು ತಗ್ಗಿ ನಡೆಯಿರಿ ಎಂಬುದು ಅದರ ತಿರುಳು.

ನನ್ನದೂ ಒಂದು ಸಣ್ಣ ಕತೆ ಇದೆ. ಮುಂಬಯಿಯ ನಮ್ಮ ಶಾಖೆಗೆ ಉಡುಪಿ ಕಡೆಯ ಹೋಟೆಲ್ ಹುಡುಗರು ಊರಿಗೆ ಡ್ರಾಫ್ಟ್ ಕಳಿಸಲು ಬರುತ್ತಿದ್ದರು. ಅವರ ಫಾರಂ ನಾನೇ ತುಂಬಿಕೊಡುತ್ತಿದ್ದೆ. ಅದಕ್ಕೆ ಕಮಿಷನ್ ತಿನ್ನುತ್ತಾನೆ ಅಂತ ಯಾರೋ ಹೆಸರಿಲ್ಲದ ಅರ್ಜಿ ಹಾಕಿದರು. ಎಂಟು ತಿಂಗಳು ವಿಚಾರಣೆ ನಡೆದು ನಿರ್ದೋಷಿ ಎಂದಾಯಿತು. ಅಂದೇ ಶಾಖೆಗೆಲ್ಲ ಪೇಡೆ ಹಂಚಿದೆ, ಒಬ್ಬರ ಮೇಜು ಮಾತ್ರ ಬಿಟ್ಟು. ಅವರೇ ಬರೆದದ್ದು ಅಂತ ನನ್ನ ಗುಮಾನಿ. ಪುರಾವೆ ಏನೂ ಇರಲಿಲ್ಲ. ಅವರು ನಿವೃತ್ತರಾದ ದಿನವೂ ನಾನು ಕೈ ಕುಲುಕಲಿಲ್ಲ.

ಪುರಾವೆಯಿಲ್ಲದೆ ನನ್ನ ಮೇಲೆ ದೂರು ಹಾಕಿದರಲ್ಲ ಅಂತ ಕುದಿದವನು ನಾನು. ಪುರಾವೆಯಿಲ್ಲದೆ ಅವರಿಗೆ ಶಿಕ್ಷೆ ಕೊಟ್ಟವನೂ ನಾನೇ. ಅವರೀಗ ಇಲ್ಲ.