ಹಿಟ್ ಅಂದ್ರೆ ಹೊಡೆ ಅಂತಾನಾ?

ಇಂಗ್ಲಿಷಿನ ‘ಹಿಟ್’ ಪದದ ಮೂಲ ಅರ್ಥ ‘ಹೊಡೆ’ ಅಲ್ಲವೇ ಅಲ್ಲ ಅಂದ್ರೆ ನಂಬ್ತೀರಾ? ಅದು ವೈಕಿಂಗರ ಪದ. ಕ್ರಿ.ಶ. 865ರಲ್ಲಿ ಡೆನ್ಮಾರ್ಕ್ ಕಡೆಯ ದೊಡ್ಡ ದಂಡೊಂದು ಇಂಗ್ಲೆಂಡಿಗೆ ಬಂದಿಳೀತು. ಸುಲಿಗೆ, ಬೆಂಕಿ ಎಲ್ಲಾ ಆದಮೇಲೆ ಬಹಳ ಜನ ಉತ್ತರದಲ್ಲೂ ಪೂರ್ವದಲ್ಲೂ ಹೊಲ ಮಾಡ್ಕೊಂಡು ನೆಲೆಸಿಬಿಟ್ರು. ಅವರ ಮಾತಿನಲ್ಲಿ ‘ಹಿಟ್ಟಾ’ ಅಂದ್ರೆ ಎದುರಾಗು, ಸಿಗು. (ನಮ್ಮ ರೊಟ್ಟಿ ಹಿಟ್ಟಿಗೂ ಇದಕ್ಕೂ ಸಂಬಂಧ ಇಲ್ಲ ಸ್ವಾಮಿ!) ಸ್ವೀಡಿಷ್ ಭಾಷೆಯಲ್ಲಿ ಇವತ್ತಿಗೂ ‘ಹಿಟ್ಟಾ’ ಅಂದ್ರೆ ಪತ್ತೆ ಮಾಡೋದು. ಕತ್ತಿ ಹಿಡಿದು ಬಂದವರು ಬಿಟ್ಟುಹೋದ ಪದ ಎಷ್ಟು ಸಾಧು ನೋಡಿ! ಈ ‘ಸಿಗು’ ಅನ್ನೋದೇ ‘ತಾಗು’ ಆಗಿ, ಕೊನೆಗೆ ಏಟಾಯ್ತು. ನಾವು ಸಾಫ್ಟ್‌ವೇರಿನವರು ‘ಕ್ಯಾಶ್ ಹಿಟ್’ ಅಂದಾಗ, ಬೇಕಾದ ಡೇಟಾ ಅಲ್ಲೇ ಸಿಕ್ತು ಅಂತ ತಾನೇ ಅರ್ಥ? ಗೊತ್ತಿಲ್ಲದೇ ವೈಕಿಂಗರ ಹತ್ತಿರಕ್ಕೇ ಹೋಗಿರ್ತೀವಿ.

ಹಾಗಾದ್ರೆ ಅದಕ್ಕೂ ಮೊದಲು ಇಂಗ್ಲಿಷರು ಹೊಡೀತಾನೇ ಇರಲಿಲ್ವಾ? ಚೆನ್ನಾಗೇ ಹೊಡೀತಿದ್ರು. ಆಗಿನ ಮಾಮೂಲಿ ಪದ ‘ಸ್ಲೇಅನ್’, ಅಂದ್ರೆ ಇಂದಿನ ‘ಸ್ಲೇ’. ಅದರ ಜರ್ಮನ್ ದಾಯಾದಿ ‘ಶ್ಲಾಗೆನ್’ ಈಗಲೂ ಬರೀ ಹೊಡೆಯುತ್ತೆ. ಇಂಗ್ಲಿಷಿನದು ಮಾತ್ರ ಬರಬರುತ್ತಾ ಕೊಂದೇ ಬಿಡೋ ಪದವಾಯ್ತು. ಖಾಲಿಯಾದ ಜಾಗಕ್ಕೆ ಹಿಟ್ ಬಂತು, ಸ್ಟ್ರೈಕ್ ಬಂತು ಅಂತ ನನ್ನ ಲೆಕ್ಕ.

ಈ ಸ್ಟ್ರೈಕ್‌ದು ಇನ್ನೂ ಮಜಾ. ಮೂಲದಲ್ಲಿ ಅದು ಸವರೋದು, ನೇವರಿಸೋದು. ‘ಸ್ಟ್ರೋಕ್’ ಇದರ ಸೋದರ: ಬೆಕ್ಕಿನ ಬೆನ್ನು ಸವರೋದಕ್ಕೂ ಅದೇ, ಬ್ಯಾಟಿನ ಹೊಡೆತಕ್ಕೂ ಅದೇ. ‘ಸ್ಮೈಟ್’ ಕೂಡ ಒಂದು ಕಾಲಕ್ಕೆ ಬಳಿಯೋದು, ಮೆತ್ತೋದು. ನಮ್ಮಲ್ಲೂ ಕೈ ತಾಗಿದ್ರೆ ಸ್ಪರ್ಶ, ಕಲ್ಲು ತಾಗಿದ್ರೆ ಪೆಟ್ಟು, ಅಲ್ವಾ? ಸ್ಟ್ರೈಕಿಗೆ ಮುಷ್ಕರ ಅನ್ನೋ ಅರ್ಥ ಬಂದದ್ದು 1768ರಲ್ಲಿ. ಕೂಲಿ ಸಾಲದು ಅಂತ ಲಂಡನ್ನಿನ ನಾವಿಕರು ಹಡಗಿನ ಹಾಯಿಗಳನ್ನ ‘ಸ್ಟ್ರೈಕ್’ ಮಾಡಿದ್ರು, ಅಂದ್ರೆ ಕೆಳಗಿಳಿಸಿದ್ರು. ಹಾಯಿ ಇಳಿದ ಮೇಲೆ ಹಡಗು ಎಲ್ಲಿಗೆ ಹೋದೀತು?

1066ರಲ್ಲಿ ನಾರ್ಮನ್ನರು ಬಂದ ಮೇಲೆ ಶುರುವಾಗಿದ್ದು ಫ್ರೆಂಚ್ ಏಟುಗಳು. ‘ಬಡಿ’ ಅನ್ನೋ ಅರ್ಥದ ಲ್ಯಾಟಿನ್ ಪದ ಒಂದರಿಂದಲೇ ಬ್ಯಾಟಲ್, ಕಾಂಬ್ಯಾಟ್, ಕೊನೆಗೆ ಡಿಬೇಟ್ ಕೂಡ ಹುಟ್ಟಿದ್ದು. ಗೋಡೆ ಬಡಿದು ಕೆಡವೋ ಫಿರಂಗಿಗಳ ಸಾಲಿಗೆ ‘ಬ್ಯಾಟರಿ’ ಅಂತಿದ್ರು. 1740ರ ದಶಕದ ಕೊನೆಗೆ ಬೆಂಜಮಿನ್ ಫ್ರಾಂಕ್ಲಿನ್, ಸೀಸದ ತಗಡು ಹಚ್ಚಿದ 11 ಗಾಜಿನ ಹಲಗೆಗಳನ್ನ ಸಾಲಾಗಿ ಜೋಡಿಸಿ, ವಿದ್ಯುತ್ ತುಂಬಿಸಿ, ಅದಕ್ಕೂ ಅದೇ ಹೆಸರಿಟ್ಟ. ನಿಮ್ಮ ಮೊಬೈಲಿನೊಳಗೆ ಕೂತಿರೋದೂ ಅದೇ ಪದ.